ಐದು ವಾರ ಇಲ್ಲದ ಮಶೀನು

ಧೂಳನ್ನು ಅಳೆಯುವುದೂ ಒಂದು ಕೆಲಸ, ಅದಕ್ಕೂ ಸಂಬಳ ಕೊಡುತ್ತಾರೆ ಎಂದು ಅವಳಿಗೆ ಗೊತ್ತಾದದ್ದು ನಲವತ್ತಾರನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಧೂಳೆಂದರೆ ಗುಡಿಸುವುದು, ಒರೆಸುವುದು, ಗಂಡನ ಅಂಗಿಯನ್ನು ಮೂರು ನೀರಿನಲ್ಲಿ ಒಗೆಯುವುದು, ಅಷ್ಟೇ. ಆಮೇಲೆ ಇಡೀ ಊರಿಗೆ ಅವಳು ಧೂಳಕ್ಕ ಆದಳು. ಹೆತ್ತವರು ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಉಳಿಯಿತು.

ಗಂಡ ರೋಡ್ ರೋಲರ್ ಓಡಿಸುವವನು. ಸರ್ಕಾರ ಎಲ್ಲಿ ರಸ್ತೆ ಹಾಕಿಸುತ್ತದೋ ಅಲ್ಲಿ ಅವನ ಠಿಕಾಣಿ: ಒಂದು ತಗಡಿನ ಶೆಡ್ಡು, ಒಂದು ಮಂಚ, ಒಂದು ಸ್ಟೌ. ಮೂರು ನಾಲ್ಕು ತಿಂಗಳಿಗೊಮ್ಮೆ ಮನೆಗೆ ಬಂದು ನಾಲ್ಕು ದಿನ ಇದ್ದು ಹೋಗುತ್ತಿದ್ದ. ಮದುವೆಯಾಗಿ ಇಪ್ಪತ್ಮೂರು ವರ್ಷವಾದರೂ ಇಬ್ಬರೂ ಒಂದೇ ಸೂರಿನ ಕೆಳಗಿದ್ದ ದಿನಗಳನ್ನು ಒಟ್ಟು ಮಾಡಿದರೆ ಒಂದು ವರ್ಷ ತುಂಬುತ್ತಿತ್ತೋ ಇಲ್ಲವೋ. ಮಕ್ಕಳಾಗಲಿಲ್ಲ. ಆ ಮಾತನ್ನು ಆಡುವುದನ್ನೂ ಇಬ್ಬರೂ ಬಿಟ್ಟು ಬಹಳ ಕಾಲವಾಗಿತ್ತು.

ಮನೆಯಲ್ಲಿ ಇದ್ದವರು ಅವಳು ಮತ್ತು ಅವಳ ಅತ್ತೆ. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮೇಲಿಂದ ಲಕ್ವ ಹೊಡೆಯಿತು. ಮಲಗಿದವರು ಒಂಬತ್ತು ವರ್ಷ ಮಲಗಿಯೇ ಇದ್ದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಒಂಬತ್ತು ವರ್ಷದಲ್ಲಿ ಅತ್ತೆಗೆ ಒಂದು ಹುಣ್ಣೂ ಆಗಲಿಲ್ಲ. ಅವರು ತೀರಿಕೊಂಡ ದಿನ ಅಕ್ಕಪಕ್ಕದವರೆಲ್ಲ ಬಂದು ಕಣ್ಣೊರೆಸಿಕೊಂಡರು. ಸೊಸೆ ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿದಳು, ನೀರು ಕೊಟ್ಟಳು, ಹಾಸಿಗೆಯ ಬಟ್ಟೆಗಳನ್ನು ಒಗೆದು ಒಣಹಾಕಿದಳು. ಕಲ್ಲಿನಂಥವಳು ಎಂದು ಯಾರೋ ಮೆಲ್ಲಗೆ ಅಂದದ್ದು ಕಿವಿಗೆ ಬಿತ್ತು. ಅತ್ತೆಯ ಮೇಲೆ ಅವಳಿಗೆ ಸಿಟ್ಟೂ ಇರಲಿಲ್ಲ, ಅವರು ಹೋದರೆಂದು ಹಗುರವೂ ಆಗಲಿಲ್ಲ. ಹಲ್ಲು ಕೀಳಿಸಲು ಹೋದಾಗ ಸೂಜಿ ಚುಚ್ಚಿದ ಮೇಲೆ ತುಟಿ ಇದೆಯೆಂದು ಗೊತ್ತಿರುತ್ತದೆ, ಮುಟ್ಟಿದರೆ ಮಾತ್ರ ಬೇರೆ ಯಾರದೋ ತುಟಿ ಮುಟ್ಟಿದ ಹಾಗಿರುತ್ತದಲ್ಲ, ಹಾಗೆ ಇತ್ತು ಅವಳಿಗೆ. ಸೂಜಿಯ ಜೋಮು ಸಂಜೆಗೆ ಇಳಿಯುತ್ತದೆ. ಇದು ಇಳಿಯಲಿಲ್ಲ.

ಆರು ತಿಂಗಳ ಮೇಲೆ ನಾದಿನಿ ಒಂದು ಸುದ್ದಿ ತಂದಳು. ಅವಳು ಊರಾಚೆಯ ಪ್ರಾಥಮಿಕ ಶಾಲೆಯಲ್ಲಿ ಗಂಟೆ ಬಾರಿಸುವ, ಕೋಣೆ ಗುಡಿಸುವ ಕೆಲಸದಲ್ಲಿದ್ದಳು.

"ಅತ್ತಿಗೆ, ನಮ್ಮ ಶಾಲೆ ತಾರಸಿ ಮೇಲೆ ಅದೇನೋ ಗಾಳಿ ನೋಡೋ ಮಶೀನ್ ಇಡ್ತಾರಂತೆ. ಓದು ಬರಹ ಬರೋ, ಹತ್ರದಲ್ಲೇ ಇರೋ ಒಬ್ಬರು ಬೇಕಂತೆ. ನೀವು ಸುಮ್ನೆ ಗೋಡೆ ನೋಡ್ಕೊಂಡು ಕೂತಿರ್ತೀರಲ್ಲಾ, ಹೋಗ್ಬಾರ್ದಾ?"

ಗೋಡೆ ನೋಡುವುದರಲ್ಲಿ ಅವಳಿಗೇನೂ ಬೇಸರವಿರಲಿಲ್ಲ. ಆದರೂ ಹೋದಳು.

ವಿಷಯ ಇಷ್ಟು. ಊರಿನ ಪೇಟೆ ಬೀದಿಯಲ್ಲಿ ಹಗಲೂ ರಾತ್ರಿ ಲಾರಿಗಳು ನುಗ್ಗುತ್ತಿದ್ದವು. ಅವನ್ನು ಊರ ಹೊರಗಿನಿಂದಲೇ ದಾಟಿಸಲು ಸರ್ಕಾರ ಒಂಬತ್ತು ಕಿಲೋಮೀಟರ್ ಉದ್ದದ ಬೈಪಾಸ್ ರಸ್ತೆಗೆ ಗೆರೆ ಎಳೆದಿತ್ತು. ಆದರೆ ಕಾಯಿದೆ ಅಂತ ಒಂದಿದೆಯಲ್ಲ. ಸರ್ಕಾರವೇ ಆಗಲಿ, ಇಂಥ ಕೆಲಸಕ್ಕೆ ಕೈಹಾಕುವ ಮೊದಲು ಅದರಿಂದ ಗಾಳಿಗೆ, ನೀರಿಗೆ, ಮರಗಿಡಕ್ಕೆ, ಜನಕ್ಕೆ ಏನಾಗುತ್ತದೆ ಎಂದು ಪರಿಶೀಲನೆ ಮಾಡಿಸಬೇಕು. ವರದಿ ಬರೆಸಿ ಜನರ ಮುಂದಿಡಬೇಕು. ಜನ ಕೇಳಿದ್ದಕ್ಕೆ ಉತ್ತರ ಕೊಡಬೇಕು. ಆಮೇಲೆಯೇ ಗುದ್ದಲಿ. ಆ ಪರಿಶೀಲನೆಯನ್ನು ಗುತ್ತಿಗೆ ಹಿಡಿದ ಕಂಪನಿಯಿಂದ ಬಂದಿದ್ದವನು ಒಬ್ಬ ಎಂಜಿನಿಯರು, ಮೂವತ್ತರ ಆಸುಪಾಸಿನವನು, ಸದಾ ಎರಡು ಫೋನು ಹಿಡಿದಿರುತ್ತಿದ್ದವನು.

"ರಸ್ತೆ ಆದ್ಮೇಲೆ ಗಾಳಿ ಎಷ್ಟು ಕೆಡುತ್ತೆ ಅಂತ ಹೇಳ್ಬೇಕಾದ್ರೆ ಈಗ ಎಷ್ಟಿದೆ ಅಂತ ಗೊತ್ತಿರ್ಬೇಕಲ್ವಾ ಅಕ್ಕಾ?" ಎಂದ ಅವನು. "ಅದಕ್ಕೇ ಇದು. ಹನ್ನೆರಡು ವಾರ, ವಾರಕ್ಕೆ ಎರಡು ದಿನ. ಇದರಲ್ಲಿ ಬುದ್ಧಿ ಖರ್ಚು ಮಾಡೋದೇನೂ ಇಲ್ಲ."

ಮಶೀನು ನೋಡಲು ಸಣ್ಣ ಬೀರುವಿನಂತಿತ್ತು, ತಲೆಯ ಮೇಲೆ ಟೋಪಿಯಂಥ ಮುಚ್ಚಳ. ಸ್ವಿಚ್ಚು ಒತ್ತಿದರೆ ಗೊರ್ರೆಂದು ಗಾಳಿ ಎಳೆಯುತ್ತಿತ್ತು. ಒಳಗೆ ಒಂದು ಬಿಳಿ ಕಾಗದ. ಎಂಟು ಗಂಟೆಗೊಮ್ಮೆ ಆ ಕಾಗದ ಬದಲಿಸಬೇಕು. ಬೆರಳು ತಾಗಿಸುವಂತಿಲ್ಲ, ಬೆರಳಿನ ಬೆವರಿಗೂ ತೂಕವಿದೆ. ಚಿಮಟದಿಂದ ಹಿಡಿದು ತೆಗೆದು, ಮಡಚಿ, ನಂಬರು ಹಾಕಿದ ಲಕೋಟೆಯಲ್ಲಿಡಬೇಕು. ಹಾಕಿದ ಹೊತ್ತು, ತೆಗೆದ ಹೊತ್ತು, ನಡುವೆ ಕರೆಂಟು ಹೋಗಿದ್ದರೆ ಎಷ್ಟು ನಿಮಿಷ, ಎಲ್ಲವನ್ನೂ ಪುಸ್ತಕದಲ್ಲಿ ಬರೆಯಬೇಕು. ಒಂಬತ್ತು ವರ್ಷ ಗಡಿಯಾರ ನೋಡಿ ಮಗ್ಗುಲು ಬದಲಿಸಿದ ಕೈಗೆ ಇದು ಹೊಸದೆನಿಸಲಿಲ್ಲ. ಬೆಳ್ಳಗೆ ಹೋದ ಕಾಗದ ಬೂದಿ ಬಣ್ಣವಾಗಿ ಹೊರಬರುತ್ತಿತ್ತು. ಅವಳು ಅದನ್ನು ನೋಡುತ್ತಿದ್ದಳು, ಲಕೋಟೆಗೆ ಹಾಕುತ್ತಿದ್ದಳು. ಕೆಳಗೆ ಅಂಗಳದಲ್ಲಿ ಮಕ್ಕಳು ಕತ್ತೆತ್ತಿ "ಧೂಳಕ್ಕಾ, ಇವತ್ತೆಷ್ಟು ಧೂಳು ಹಿಡಿದ್ರಿ?" ಎಂದು ಕೂಗುತ್ತಿದ್ದವು.

ಗಂಡನಿಗೆ ಈ ರಸ್ತೆಯ ಮೇಲೆ ಎಲ್ಲಿಲ್ಲದ ಆಸೆ ಹುಟ್ಟಿತ್ತು. ಗುತ್ತಿಗೆದಾರನ ಮೇಸ್ತ್ರಿ ಅವನಿಗೆ ಮಾತು ಕೊಟ್ಟಿದ್ದ: ಕೆಲಸ ಶುರುವಾದರೆ ರೋಲರು ನಿನ್ನದೇ, ಮೂರು ವರ್ಷಕ್ಕೆ ಮೋಸವಿಲ್ಲ. ಮನೆಯಿಂದ ಸೈಕಲ್ಲಿನಲ್ಲಿ ಹೋಗಿಬರುವಷ್ಟು ದೂರ. ಫೋನಿನಲ್ಲಿ ತಮಾಷೆ ಮಾಡುತ್ತಿದ್ದ:

"ಏ, ನಿನ್ನ ಮಶೀನಿಗೆ ಸ್ವಲ್ಪ ಜೋರಾಗಿ ಉಸಿರೆಳ್ಕೊಳ್ಳೋಕೆ ಹೇಳೇ. ಅದು ಬೇಗ ಮುಗಿಸಿದ್ರೆ ನಾನು ಬೇಗ ಮನೆಗೆ ಬರ್ತೀನಿ."

"ಹೇಳ್ತೀನಿ ಬಿಡಿ" ಎನ್ನುತ್ತಿದ್ದಳು.

ನಾಲ್ಕನೆಯ ವಾರ ಮಶೀನಿನ ಮೋಟರು ಸುಟ್ಟಿತು. ಕಂಪನಿಯ ವ್ಯಾನು ಬಂದು ಅದನ್ನು ಹೊತ್ತುಕೊಂಡು ಹೋಯಿತು. ಒಂದು ವಾರದಲ್ಲಿ ಕಳಿಸುತ್ತೇವೆ ಎಂದವರು ಐದು ವಾರ ಕಳಿಸಲಿಲ್ಲ. ಆ ಐದು ವಾರವೂ ಅವಳು ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ತಾರಸಿ ಹತ್ತಿ, ಮಶೀನು ಇದ್ದ ಜಾಗದ ನಾಲ್ಕು ಕಾಲಿನ ಗುರುತು ನೋಡಿ, ಪುಸ್ತಕದಲ್ಲಿ 'ಮಶೀನು ಇಲ್ಲ' ಎಂದು ಬರೆದು, ಹೊತ್ತು ಹಾಕಿ, ಸಹಿ ಮಾಡಿ ಇಳಿಯುತ್ತಿದ್ದಳು. ಮಶೀನು ರಿಪೇರಿಯಾಗಿ ಬಂದಾಗ ಎಂಜಿನಿಯರು ಪುಟ ತಿರುವಿ ನಕ್ಕುಬಿಟ್ಟ.

"ಅಲ್ಲ ಅಕ್ಕಾ, ಇಲ್ಲ ಅಂತ ಬರೆಯೋಕೂ ಮೇಲೆ ಹತ್ತಿದ್ರಾ?"

"ಬರೀಬೇಕು ಅಂದಿದ್ರಲ್ಲಾ."

ಉಳಿದ ಮೂರು ವಾರ ಮುಗಿದವು. ಅವನು ಮಶೀನು, ಲಕೋಟೆ, ಪುಸ್ತಕ ಎಲ್ಲವನ್ನೂ ತೆಗೆದುಕೊಂಡು ಹೋದ. ಅವಳು ಮತ್ತೆ ಮನೆಯಲ್ಲಿ ಕೂತಳು.

ನಾಲ್ಕು ತಿಂಗಳಾದ ಮೇಲೆ ಪುರಭವನದಲ್ಲಿ ಅಹವಾಲು ಸಭೆ ಕರೆದರು. ಎಂಜಿನಿಯರು ಫೋನು ಮಾಡಿ, ಬಾಗಿಲಲ್ಲಿ ನಿಂತು ಬಂದವರ ಸಹಿ ಹಾಕಿಸಿಕೊಳ್ಳಲು ಒಬ್ಬರು ಬೇಕು, ಬನ್ನಿ ಎಂದ. ಗಂಡನೂ ರಜೆ ಹಾಕಿ ಬಂದಿದ್ದ. ರಸ್ತೆ ಬೇಕು ಎಂದು ಹೇಳಲು ಡಾಂಬರಿನವರು, ಜಲ್ಲಿಯವರು, ರೋಲರಿನವರು ಒಟ್ಟಾಗಿ ಬರುವುದೆಂದು ಮಾತಾಗಿತ್ತು. ಬೆಳಿಗ್ಗೆ ತಾನೇ ಅಂಗಿಗೆ ಇಸ್ತ್ರಿ ಹಾಕುತ್ತಾ ನಿಂತಿದ್ದ.

"ಮೂರು ವರ್ಷ" ಎಂದ. "ಸಂಜೆ ಆರಕ್ಕೆಲ್ಲ ಮನೇಲಿರ್ತೀನಿ. ದಿನಾ ನನ್ನ ಮುಖ ನೋಡಿ ನೋಡಿ ನಿಂಗೆ ಬೇಜಾರಾಗ್ಬಹುದು."

"ಆದ್ರೆ ಆಗ್ಲಿ."

"ಕಿಟಕಿ ಪಕ್ಕ ಒಂದು ದೊಡ್ಡ ಮಂಚ ಹಾಕೋಣ. ಶೆಡ್ಡಿನ ಮಂಚದಲ್ಲಿ ಮಲಗಿ ಬೆನ್ನು ಹೋಗಿದೆ ನಂದು."

ಅವಳು ಕಿಟಕಿಯ ಕಡೆ ನೋಡಿದಳು. ಅಲ್ಲಿ ಅತ್ತೆಯ ಮಂಚ ಇದ್ದ ಜಾಗ ಖಾಲಿಯಿತ್ತು. ಹೂಂ ಎಂದಳು.

ಪುರಭವನ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ಸಭೆ ನಡೆಸುವ ಅಧಿಕಾರಿ, ಪಕ್ಕದಲ್ಲಿ ಎಂಜಿನಿಯರು, ಮುಂದೆ ನಾನೂರು ಪುಟದ ವರದಿ. ಮೊದಲು ಎದ್ದವರು ಪೇಟೆ ಬೀದಿಯ ಗಡಿಯಾರ ರಿಪೇರಿಯವರು, ಎಪ್ಪತ್ತು ದಾಟಿದವರು. ಅವರ ಚೂರು ಜಮೀನು ರಸ್ತೆಯ ಗೆರೆಯೊಳಗೆ ಬರುತ್ತಿತ್ತು. ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದವರು ಊರಿಗೆಲ್ಲ ಅವರೊಬ್ಬರೇ ಇರಬೇಕು. ಕನ್ನಡಕ ಏರಿಸಿಕೊಂಡು ಓದಿದರು:

"ಇನ್ನೂರ ಹನ್ನೆರಡನೇ ಪುಟ. 'ಯೋಜನಾ ಪ್ರದೇಶದ ಕಡಲತೀರದಲ್ಲಿ ಮೊಟ್ಟೆಯಿಡುವ ಆಮೆಗಳಿಗೆ ತೊಂದರೆಯಾಗದಂತೆ ಎಚ್ಚರ ವಹಿಸಲಾಗುವುದು.' ಸಾರ್, ಆ ಕಡಲು ಎಲ್ಲಿದೆ ಸ್ವಲ್ಪ ತೋರ್ಸಿ. ಎಪ್ಪತ್ತು ವರ್ಷದಿಂದ ಇಲ್ಲೇ ಇದೀನಿ, ಒಂದು ಸಲವೂ ಕಾಲು ನೆನೆಸ್ಲಿಲ್ಲ."

ಸಭೆ ಬಿದ್ದು ಬಿದ್ದು ನಕ್ಕಿತು. ರೋಲರಿನವರೂ ನಕ್ಕರು. ಕಣ್ತಪ್ಪಿನಿಂದ ಬೇರೆ ವರದಿಯ ಒಂದು ಸಾಲು ಸೇರಿಕೊಂಡಿದೆ ಎಂದು ಎಂಜಿನಿಯರು ಕೆಮ್ಮುತ್ತಾ ಹೇಳಿದ.

ಆಮೇಲೆ ಶಾಲೆಯ ಹೆಡ್ಮಿಸ್ ಎದ್ದರು. ರಸ್ತೆ ಅವರ ಶಾಲೆಯ ಗೋಡೆಗೆ ಇಪ್ಪತ್ತು ಅಡಿ ದೂರದಲ್ಲಿ ಹೋಗುವುದಿತ್ತು. ಅವರು ನಗಿಸಲಿಲ್ಲ.

"ಗಾಳಿಯ ಅಳತೆ ಹನ್ನೆರಡು ವಾರವೂ ತಪ್ಪದೆ ತಗೊಂಡಿದೀವಿ ಅಂತ ಇದರಲ್ಲಿದೆ. ಎಲ್ಲಾ ದಿನಕ್ಕೂ ಅಂಕಿ ಇದೆ. ಆದ್ರೆ ಐದು ವಾರ ಆ ಮಶೀನು ನಮ್ಮ ತಾರಸಿ ಮೇಲೆ ಇರ್ಲೇ ಇಲ್ಲ."

"ಬದಲಿ ಮಶೀನ್ ಇಟ್ಟಿದ್ವಿ ಮೇಡಂ" ಎಂದ ಎಂಜಿನಿಯರು.

"ಹೌದಾ? ಮಶೀನ್ ನೋಡ್ಕೊಳ್ತಿದ್ದೋರು ಅಗೋ ಬಾಗಿಲಲ್ಲೇ ನಿಂತಿದಾರೆ. ಅವರನ್ನೇ ಕೇಳಿ."

ಐನೂರು ಕತ್ತುಗಳು ಬಾಗಿಲ ಕಡೆ ತಿರುಗಿದವು. ಅಧಿಕಾರಿ ಅವಳನ್ನು ಮುಂದೆ ಕರೆದರು. ಸಹಿ ಪುಸ್ತಕವನ್ನು ಎಲ್ಲಿಡುವುದೆಂದು ತಿಳಿಯದೆ ಅದನ್ನು ಎದೆಗವಚಿಕೊಂಡೇ ಹೋದಳು. ಮೂರನೆಯ ಸಾಲಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಗಂಡ ಕೂತಿದ್ದ. ಮೈಕು ಯಾರದೋ ಬಾಯಿಯ ಸಿಗರೇಟಿನ ವಾಸನೆ ಹೊಡೆಯುತ್ತಿತ್ತು.

"ಆ ಐದು ವಾರ ನೀವು ಅಳತೆ ತಗೊಂಡ್ರಾ ಅಮ್ಮಾ?" ಅಧಿಕಾರಿ ಕೇಳಿದರು.

"ಇಲ್ಲ."

"ಬೇರೆ ಮಶೀನ್ ಏನಾದ್ರೂ ಇತ್ತಾ?"

"ಇರ್ಲಿಲ್ಲ. ಪ್ರತಿ ಸಲ ಹೋಗಿ ನೋಡಿದೀನಿ. ಇಲ್ಲ ಅಂತ ಪುಸ್ತಕದಲ್ಲಿ ಬರೆದಿದೀನಿ."

"ಆ ಪುಸ್ತಕ ಎಲ್ಲಿದೆ?"

"ಅವರ ಹತ್ರ."

ಅಷ್ಟೇ. ಅರ್ಧ ನಿಮಿಷದ ಮಾತು. ಮುಂದೆ ಎಷ್ಟೋ ಜನ ಅದನ್ನು ಧೈರ್ಯ ಎಂದರು, ಇನ್ನು ಕೆಲವರು ದ್ರೋಹ ಎಂದರು. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಅವಳ ಮನಸ್ಸಿನಲ್ಲಿ ಎರಡೂ ಇರಲಿಲ್ಲ. ಕೇಳಿದರು, ಗೊತ್ತಿತ್ತು, ಹೇಳಿದಳು. ಒಂದು ಕಡೆಯಿಂದ ಚಪ್ಪಾಳೆ ಎದ್ದಿತು. ಇನ್ನೊಂದು ಕಡೆಯಿಂದ "ನಮ್ಮ ಹೊಟ್ಟೆ ಮೇಲೆ ಹೊಡೆದ್ಲು" ಎಂದು ಕೂಗು ಬಂತು. ಗಂಡ ಎದ್ದು ಬಂದು ಅವಳ ಮೊಣಕೈ ಹಿಡಿದು ಹೊರಗೆ ಕರೆದುಕೊಂಡು ಹೋದ.

ಮನೆಯ ಬಾಗಿಲವರೆಗೂ ಅವನು ಮೊಣಕೈ ಬಿಡಲಿಲ್ಲ. ಮನೆಯ ಬೀಗ ತೆಗೆಯುವಾಗ ಅಂದ:

"ಗೊತ್ತಿಲ್ಲ ಅನ್ನಬಹುದಿತ್ತು."

"ಗೊತ್ತಿತ್ತಲ್ಲಾ."

ಅವನು ಬಯ್ಯಲಿಲ್ಲ. ಅಂಗಿ ಬಿಚ್ಚಿ, ಒಂದೇ ಗಂಟೆ ಹಾಕಿದ್ದೆಂದು ಮತ್ತೆ ಮಡಚಿ ಚೀಲದಲ್ಲಿಟ್ಟ. ಮೂರನೆಯ ದಿನ ದೂರದ ಒಂದು ಕೆಲಸಕ್ಕೆ ಹೊರಟುಹೋದ.

ಹೆಡ್ಮಿಸ್ಸೂ ಗಡಿಯಾರದವರೂ ಕೋರ್ಟಿಗೆ ಹೋದರು. ಕೋರ್ಟು ಪುಸ್ತಕ ತರಿಸಿ ಎಂದಿತು. ಕಂಪನಿಯವರು ಪುಸ್ತಕ ಕಳೆದುಹೋಗಿದೆ ಎಂದರು. ಎರಡು ವರ್ಷ ವಾಯಿದೆಯ ಮೇಲೆ ವಾಯಿದೆ ಬಿದ್ದು, ಕೊನೆಗೆ ತೀರ್ಪು ಬಂತು: ವರದಿ ರದ್ದು. ಹೊಸದಾಗಿ, ಮಳೆ ಚಳಿ ಬಿಸಿಲು ಮೂರೂ ಸೇರಿ ಒಂದು ಇಡೀ ವರ್ಷ ಪರಿಶೀಲನೆ ಮಾಡಬೇಕು. ಅಲ್ಲಿಯವರೆಗೆ ಒಂದು ಬುಟ್ಟಿ ಮಣ್ಣೂ ಅಲುಗಾಡಬಾರದು.

ಪತ್ರಿಕೆಯಲ್ಲಿ ಧೂಳಕ್ಕನ ಫೋಟೋ ಬಂತು. ಗೊತ್ತಿಲ್ಲದವರೆಲ್ಲ ಮನೆಗೆ ಬಂದು ಕೈಕುಲುಕಿದರು. ಅವಳು ಅವರಿಗೂ ಕುರ್ಚಿ ಹಾಕಿ ನೀರು ಕೊಟ್ಟಳು. ನಾದಿನಿ ಮಾತ್ರ ಬರುವುದನ್ನು ನಿಲ್ಲಿಸಿದಳು. ಒಂದು ದಿನ ಸಂತೆಯಲ್ಲಿ ಎದುರಾದಾಗ ತರಕಾರಿ ಚೀಲ ಕೆಳಗಿಟ್ಟು, ನಾಲ್ಕು ಜನ ಕೇಳುವ ಹಾಗೆ ಅಂದಳು:

"ಅತ್ತಿಗೆ, ನಂಗೊಂದೇ ಅನುಮಾನ. ನಮ್ಮಣ್ಣ ಮನೆಗೆ ಬರೋದು ನಿಮಗೇ ಬೇಡವಾಗಿತ್ತೇನೋ ಅಂತ."

ಧೂಳಕ್ಕ ಕೆಳಗಿದ್ದ ಚೀಲವನ್ನು ಎತ್ತಿ ಅವಳ ಕೈಗೆ ಕೊಟ್ಟಳು. ಮನೆಗೆ ಬಂದು ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದಳು. ಬೇಕಾಗಿತ್ತೇ? ಬೇಡವಾಗಿತ್ತೇ? ಒಳಗೆ ಎಷ್ಟು ಹುಡುಕಿದರೂ ಎರಡಕ್ಕೂ ಗುರುತು ಸಿಗಲಿಲ್ಲ. ತನ್ನ ಬಗ್ಗೆ ತನಗೇ ಗೊತ್ತಿಲ್ಲವಲ್ಲ ಎಂದು ಒಂದು ಕ್ಷಣ ಭಯವಾಯಿತು. ಪಾತ್ರೆ ತೊಳೆಯುವಷ್ಟರಲ್ಲಿ ಆ ಭಯವೂ ಎಲ್ಲಿಗೋ ಹೋಯಿತು.

ಲಾರಿಗಳು ಪೇಟೆ ಬೀದಿಯಲ್ಲೇ ಓಡುತ್ತಿದ್ದವು. ತೀರ್ಪು ಬಂದ ಮರುವರ್ಷ, ಹಾಡಹಗಲಲ್ಲಿ, ಹಿಂದಕ್ಕೆ ಬರುತ್ತಿದ್ದ ಒಂದು ಲಾರಿ ಔಷಧಿ ಅಂಗಡಿಯವಳನ್ನು ಗೋಡೆಗೆ ಒತ್ತಿತು. ಅಂಗಡಿಯ ಬಾಗಿಲೆತ್ತಲು ಬಗ್ಗಿದ್ದಳಂತೆ. ಒಂಬತ್ತು ವರ್ಷ ಅತ್ತೆಯ ಔಷಧಿ ಕೊಟ್ಟವಳು ಅವಳೇ. ಚೀಟಿ ತೋರಿಸುವುದೂ ಬೇಕಿರಲಿಲ್ಲ, ಧೂಳಕ್ಕನನ್ನು ದೂರದಿಂದ ಕಂಡ ಕೂಡಲೇ ಕಪಾಟಿಗೆ ಕೈಹಾಕುತ್ತಿದ್ದಳು. ಧೂಳಕ್ಕ ಹೋಗಿ ಜನರ ನಡುವೆ ನಿಂತಳು. ಸತ್ತವಳ ಗಂಡ ಅವಳ ಕಡೆ ತಿರುಗಲಿಲ್ಲ. ಹಿಂದಿನಿಂದ ಯಾರೋ ಜೋರಾಗಿಯೇ ಅಂದರು, "ಬೈಪಾಸ್ ಆಗಿದ್ದಿದ್ರೆ ಈ ಲಾರಿ ಇಲ್ಲಿಗೆ ಬರ್ತಿತ್ತಾ? ಕೇಳಿ ಇವರನ್ನ."

ಅವಳು ಬೀದಿಯ ಕೊನೆಯವರೆಗೂ ಯಾರಾದರೂ ನಿಜವಾಗಿಯೂ ಕೇಳುತ್ತಾರೇನೋ ಎಂದು ನಿಧಾನವಾಗಿ ನಡೆದಳು. ಯಾರೂ ಕೇಳಲಿಲ್ಲ. ಮನೆಗೆ ಬಂದು ಮಧ್ಯಾಹ್ನ ಮಲಗಿದವಳು ಮರುದಿನ ಬೆಳಕು ಹರಿದ ಮೇಲೆಯೇ ಎದ್ದಳು.

ಹೊಸ ಪರಿಶೀಲನೆಗೆ ಹೊಸ ಕಂಪನಿ ಬಂತು. ಅದರ ಮೇಲ್ವಿಚಾರಕಿ ಬಂದವಳೇ ಧೂಳಕ್ಕನ ಮನೆ ಹುಡುಕಿಕೊಂಡು ಬಂದಳು. "ಇಲ್ಲದಿದ್ರೆ ಇಲ್ಲ ಅಂತ ಬರೆಯೋರು ನಂಗೆ ಬೇಕು" ಎಂದಳು. ಈ ಸಲ ನಾಲ್ಕು ಮಶೀನು, ಒಂದು ಇಡೀ ವರ್ಷ. ಒಂದು ಶಾಲೆಯ ತಾರಸಿಯ ಮೇಲೆ, ಎರಡು ಊರಂಚಿನಲ್ಲಿ, ಇನ್ನೊಂದು ಕೆರೆಯಾಚೆ ಮೊಟ್ಟೆಯವಳ ಮನೆಯ ಹತ್ತಿರ.

ಮೊಟ್ಟೆಯವಳು ಐವತ್ತರ ವಿಧವೆ, ಒಂಟಿ. ಎರಡು ಕೋಣೆಯ ಮನೆ, ಮಗ್ಗುಲಿಗೆ ಉದ್ದನೆಯ ಕೋಳಿ ಶೆಡ್ಡು. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. "ನಿನ್ನ ಮಶೀನಿನ ಸದ್ದಿಗೆ ನನ್ನ ಕೋಳಿಗಳು ಮೊಟ್ಟೆ ಇಡೋದನ್ನೇ ಮರೆತಿವೆ, ನಾಳೆಯಿಂದ ನೀನೇ ಬಂದು ಇಡು" ಎಂದು ಮೊದಲ ದಿನವೇ ಜಗಳ ತೆಗೆದಳು. ಎರಡನೆಯ ವಾರ ಟೀ ಕೊಟ್ಟಳು. ಮೂರನೆಯ ತಿಂಗಳಿಗೆ ಧೂಳಕ್ಕ ಬರುವ ದಿನ ಒಲೆಯ ಮೇಲೆ ಎರಡು ಲೋಟದ ನೀರು ಮೊದಲೇ ಕುದಿಯುತ್ತಿರುತ್ತಿತ್ತು. ಅವಳು ಮಾತಾಡುತ್ತಿದ್ದಳು, ಇವಳು ಕೇಳುತ್ತಿದ್ದಳು. ವರ್ಷ ಹಾಗೆ ಕಳೆಯಿತು.

ಅಂಕಿಗಳು ಹೇಳಿದ್ದು ಇದು: ಶಾಲೆಯ ಬಳಿ ಬಿಸಿಲುಗಾಲದಲ್ಲಿ ಈಗಲೇ ಧೂಳು ಮಿತಿ ಮೀರಿದೆ, ಅಲ್ಲಿ ಇನ್ನೊಂದು ರಸ್ತೆಯನ್ನು ಮಕ್ಕಳ ಶ್ವಾಸಕೋಶ ತಡೆಯದು. ಕೆರೆಯಾಚೆ ಗಾಳಿ ಚೊಕ್ಕವಾಗಿದೆ, ಅಲ್ಲಿ ಲಾರಿಗಳು ಓಡಿದರೂ ಮಿತಿಯೊಳಗೇ ಇರುತ್ತದೆ. ಆದ್ದರಿಂದ ಗೆರೆಯನ್ನು ಆರುನೂರು ಮೀಟರು ಪೂರ್ವಕ್ಕೆ ಸರಿಸಬೇಕು. ಶಾಲೆ ಉಳಿಯಿತು. ಗಡಿಯಾರದವರ ಜಮೀನೂ ಉಳಿಯಿತು. ಹೊಸ ಗೆರೆ ನೇರವಾಗಿ ಮೊಟ್ಟೆಯವಳ ಕೋಳಿ ಶೆಡ್ಡಿನ ಮೇಲೆ ಹೋಯಿತು.

ಮೊದಲ ಸಭೆಗೆ ಮೊಟ್ಟೆಯವಳು ಹೋಗಿರಲಿಲ್ಲ. ಗೆರೆ ಎಲ್ಲೋ ಇತ್ತು, ತನಗೇನು ಎಂದಿದ್ದಳು. ಎರಡನೆಯ ಸಭೆಗೆ ಹೋಗಿ ಹತ್ತು ನಿಮಿಷ ಮಾತಾಡಿದಳು. ಅವಳು ಆಡಿದ್ದನ್ನೆಲ್ಲ ಒಂದಕ್ಷರ ಬಿಡದೆ ಬರೆದುಕೊಂಡರು. ಕಾಯಿದೆಯ ಪ್ರಕಾರ ಉತ್ತರವನ್ನೂ ಕೊಟ್ಟರು: 'ಸದರಿಯವರಿಗೆ ಬದಲಿ ವಸತಿ ಒದಗಿಸಲಾಗುವುದು.' ಈ ಸಲ ವರದಿಯಲ್ಲಿ ಸುಳ್ಳಿನ ಸುಳಿವೂ ಇರಲಿಲ್ಲ.

ಸಭೆ ಮುಗಿಯುವವರೆಗೂ ಅಲ್ಲೇ ಬಿಟ್ಟಿದ್ದ ಮಶೀನನ್ನು ಬಿಚ್ಚಲು ಧೂಳಕ್ಕ ಹೋದಾಗ ಮೊಟ್ಟೆಯವಳು ಮೆಟ್ಟಿಲ ಮೇಲೆ ಕೂತಿದ್ದಳು. ಟೀ ಇಟ್ಟಿರಲಿಲ್ಲ.

"ನನ್ನ ಮನೆ ಹತ್ರ ಗಾಳಿ ಚೆನ್ನಾಗಿದೆ ಅಂತ ನಿನ್ನ ಮಶೀನು ಹೇಳಿದ್ದಕ್ಕೇ ರಸ್ತೆ ಇಲ್ಲಿಗೆ ಬಂತಂತೆ. ಹೌದೇನೇ?"

"ಹೌದು."

"ಸ್ವಲ್ಪ ಮಣ್ಣು ಎರಚಿದ್ರೆ ಆಗ್ತಿತ್ತಲ್ಲೇ ಆ ಕಾಗದದ ಮೇಲೆ. ಒಂದು ಹಿಡಿ. ನಾನೇ ಕೊಡ್ತಿದ್ದೆ."

ಧೂಳಕ್ಕ ಸ್ಕ್ರೂ ಬಿಚ್ಚುತ್ತಿದ್ದವಳು ನಿಲ್ಲಿಸಿದಳು. "ಎರಚಬಹುದಿತ್ತು" ಎಂದಳು.

"ಹೊಳೀಲಿಲ್ವಾ?"

"ಹೊಳೀಲಿಲ್ಲ."

ಮೊಟ್ಟೆಯವಳು ಅವಳನ್ನೇ ದಿಟ್ಟಿಸಿ ನೋಡಿದಳು. ಬಯ್ಯಲು ಮಾತು ಹುಡುಕಿದ ಹಾಗಿತ್ತು. ಊರಿಗೆಲ್ಲ ಸಾಲುವಷ್ಟು ಬಯ್ಗುಳ ಇದ್ದವಳಿಗೆ ಒಂದೂ ಸಿಗಲಿಲ್ಲ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಧೂಳಕ್ಕ ಹಿಂದಿರುಗುವಾಗ ಕೆರೆ ಏರಿಯ ಮೋರಿಕಟ್ಟೆಯ ಮೇಲೆ ಕೂರಬೇಕಾಯಿತು. ಬಿಚ್ಚಿದ ಸ್ಕ್ರೂಗಳು ಇನ್ನೂ ಮುಷ್ಟಿಯಲ್ಲೇ ಇದ್ದವು. ಒಂದು ಕೈಯಿಂದ ಇನ್ನೊಂದಕ್ಕೆ ಸುರಿದು ಎಣಿಸಿದಳು, ಮತ್ತೆ ಎಣಿಸಿದಳು. ಅವಳು ಆ ಕೈಗಳನ್ನು ಯಾರದೋ ಎನ್ನುವ ಹಾಗೆ ನೋಡುತ್ತಾ ಕೂತಳು. ಕತ್ತಲಾಗತೊಡಗಿದ ಮೇಲೆ ಎದ್ದು ಹೋದಳು.

ರಸ್ತೆಗೆ ಮೊದಲ ಮಣ್ಣು ಬೀಳುವ ಹೊತ್ತಿಗೆ, ಮಶೀನು ಮೊದಲ ಸಲ ತಾರಸಿ ಹತ್ತಿ ಏಳು ವರ್ಷವಾಗಿತ್ತು. ಅಷ್ಟರಲ್ಲಿ ಗಂಡ ಮನೆಗೆ ಬಂದಿದ್ದ. ಮೂವತ್ತು ವರ್ಷ ರೋಲರಿನ ಮೇಲೆ ಕುಲುಕಿದ ಬೆನ್ನುಮೂಳೆ ಸವೆದಿದೆ, ಇನ್ನು ಸೀಟು ಹತ್ತಿದರೆ ಏಳಲಾರೆ ಎಂದು ಡಾಕ್ಟರು ಬೆಲ್ಟು ಕಟ್ಟಿ ಕಳಿಸಿದ್ದರು. ಬೈಪಾಸಿನ ರೋಲರನ್ನು ಬೇರೆ ಯಾರೋ ಓಡಿಸಿದರು. ಗಾಳಿ ಈ ಕಡೆ ಬೀಸಿದಾಗ ಅದರ ಸದ್ದು ಮನೆಯವರೆಗೂ ಕೇಳಿಸುತ್ತಿತ್ತು. ಅವನು ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿಕೊಂಡು, "ಗೇರ್ ಸರಿಯಾಗಿ ಹಾಕೋಕೆ ಬರಲ್ಲ ಕತ್ತೆಗೆ" ಎಂದು ಗೊಣಗುತ್ತಿದ್ದ.

ಅವಳು ಅವನಿಗೆ ಬೆಲ್ಟು ಬಿಗಿಯುತ್ತಿದ್ದಳು, ಸಡಿಲಿಸುತ್ತಿದ್ದಳು. ಒಟ್ಟಿಗೆ ಇರುವುದು ಇಬ್ಬರಿಗೂ ಹೊಸತು. ಉಪ್ಪು ಎಲ್ಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಅವನು ನಿದ್ದೆಯಲ್ಲಿ ಮಾತಾಡುತ್ತಾನೆ ಎಂದು ಅವಳಿಗೆ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಅವನು ಏಳು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ತೆಗೆದ.

"ಅವತ್ತು ನೀನು ಹೇಳಿದ್ದು ಸರಿನೇ. ನಂಗೇನೂ ಅದರ ಬಗ್ಗೆ ಇಲ್ಲ. ಆದ್ರೆ ಮೈಕ್ ಹಿಡಿಯೋ ಮುಂಚೆ ಒಂದ್ಸಲ ನನ್ನ ಕಡೆ ನೋಡ್ಬಹುದಿತ್ತು."

"ನೋಡಿದ್ದೆ."

"ನೋಡಿದ್ದ್ಯಾ?"

"ಮೂರನೇ ಸಾಲು. ಇಸ್ತ್ರಿ ಅಂಗಿ."

"ನೀನು ನೋಡಿದ್ದು ನಂಗೆ ಕಾಣ್ಲಿಲ್ಲ" ಎಂದ. ಅವಳು ಅವನ ತಲೆದಿಂಬು ಸರಿಮಾಡಿದಳು.

ರಸ್ತೆ ತೆರೆಯಿತು. ಪೇಟೆ ಬೀದಿ ಸದ್ದಡಗಿತು. ಹೆಂಗಸರು ಈಗ ಅಂಗಡಿಯ ಮುಂದೆ ನಿಂತೇ ಹರಟೆ ಹೊಡೆಯುತ್ತಾರೆ. ಶಾಲೆಯ ಮಕ್ಕಳ ಕೆಮ್ಮು ಕಡಿಮೆಯಾಗಿದೆ ಎಂದು ಹೆಡ್ಮಿಸ್ ಹೇಳುತ್ತಾರೆ, ಮೊದಲಿನಷ್ಟೇ ಇದೆ ಎಂದು ನಾದಿನಿ ಹೇಳುತ್ತಾಳೆ. ಅಣ್ಣ ಮನೆಗೆ ಬಂದ ಮೇಲೆ ನಾದಿನಿಯೂ ಬಂದು ಹೋಗುತ್ತಾಳೆ. ಅತ್ತಿಗೆಯ ಜೊತೆ ಹವಾಮಾನದ ಮಾತಷ್ಟೇ. ಧೂಳಕ್ಕನಿಗೆ ಈಗಲೂ ಕೆಲಸವಿದೆ. ಸರ್ಕಾರ ಒಂದಲ್ಲ ಒಂದು ಕಟ್ಟುತ್ತಲೇ ಇರುತ್ತದೆ, ಕಟ್ಟುವ ಮೊದಲು ಅಳೆಯಬೇಕಾಗುತ್ತದೆ.

ಮೊಟ್ಟೆಯವಳಿಗೆ ಊರಿನ ಇನ್ನೊಂದು ತುದಿಯ ಹೊಸ ಕಟ್ಟಡದಲ್ಲಿ ಮೂರನೆಯ ಮಹಡಿಯ ಮನೆ ಸಿಕ್ಕಿತು. ಎಂಟು ತಿಂಗಳು ಅವಳ ಮುಖ ನೋಡಲು ಧೂಳಕ್ಕ ಹೋಗಲಿಲ್ಲ. ಒಂದು ಭಾನುವಾರ, ಯಾಕೆಂದು ತನಗೇ ತಿಳಿಯದೆ, ಆ ಕಡೆಯ ಬಸ್ಸು ಹತ್ತಿದಳು. ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದಳು. ಬಾಗಿಲು ಒಂದು ಗೇಣು ತೆರೆಯಿತು.

"ನೀನಾ? ನಾನು ಕಟ್ಟಡದ ಮೇಲ್ವಿಚಾರಕ ಅನ್ಕೊಂಡೆ. ಬೇಗ ಒಳಗೆ ಬಾ, ಬಾಗಿಲು ಹಾಕು."

ಒಳಗೆ ಟೀ ಕುಡಿದರು. ರಸ್ತೆಯ ಮಾತು ಇಬ್ಬರೂ ಎತ್ತಲಿಲ್ಲ. ಲೋಟ ತೊಳೆದಿಟ್ಟು ಧೂಳಕ್ಕ ಸಂಜೆಯ ಬಸ್ಸಿಗೆ ಮನೆಗೆ ಬಂದಳು.

"ಹೇಗಿದಾಳೆ?" ಗಂಡ ಮಂಚದಿಂದಲೇ ಕೇಳಿದ.

"ಕೋಳಿ ಸಾಕ್ತಿದಾಳೆ."

"ಮೂರನೇ ಮಹಡೀಲಾ?"

"ಹೂಂ. ಬಚ್ಚಲಲ್ಲಿ. ನಾಲ್ಕಿವೆ. ಅವು ಕೂಗಿದಾಗೆಲ್ಲ ರೇಡಿಯೋ ಜೋರು ಮಾಡ್ತಾಳೆ."

ಅವನು ನಗತೊಡಗಿದ. ನಕ್ಕು ನಕ್ಕು ಬೆನ್ನು ಹಿಡಿದುಕೊಂಡ, ನೋವಿಗೆ ಮುಖ ಕಿವಿಚಿ ಮತ್ತೆ ನಕ್ಕ. ಅವಳು ಅವನು ನಗುವುದನ್ನು ನೋಡುತ್ತಾ ನಿಂತಿದ್ದಳು. ಆಮೇಲೆ ಚಪ್ಪಲಿ ಬಿಟ್ಟು, ಕೈ ತೊಳೆದುಕೊಂಡು, ಊಟಕ್ಕೆ ತಟ್ಟೆ ಹಾಕಲು ಹೋದಳು.